ಕಿರುತೆರೆಯ ಕೀರ್ತಿಯಿಂದ ಮೂಕಜೀವಿಗಳ ಸೇವೆಗೆ: ಅಮಾಂಡಾ ಬ್ಲೇಕ್

ಆಹಾರ, ಔಷಧ, ಶಾಸ್ತ್ರ ಮತ್ತು ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಅಭಯದಾನಕ್ಕೆ ಹಿರಿಯ ಸ್ಥಾನವಿದೆ. ಪ್ರಾಣಭಯದಲ್ಲಿರುವ ಜೀವಿಗೆ ನಿರ್ಭಯವಾಗಿ ಬದುಕುವ ಅವಕಾಶ ಕಲ್ಪಿಸುವುದೇ ಅಭಯದಾನ. ಈ ಪರಂಪರೆಯ ಹೊರಗೆ, ದೂರದ ಅಮೆರಿಕದಲ್ಲಿ ಹುಟ್ಟಿ, ಟಿ.ವಿ. ನಟಿಯಾಗಿ ಮನೆಮಾತಾಗಿ, ತಮ್ಮ ಹಣ, ಸಮಯ ಮತ್ತು ಹೆಸರನ್ನು ಪ್ರಾಣಿಗಳ ರಕ್ಷಣೆಗೆ ವಿನಿಯೋಗಿಸಿದವರು ಅಮಾಂಡಾ ಬ್ಲೇಕ್.

ಇವರ ಜನನ 1929ರ ಫೆಬ್ರವರಿ 20ರಂದು ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಾಯಿತು. ಹುಟ್ಟುಹೆಸರು ಬೆವರ್ಲಿ ಲೂಯಿಸ್ ನೀಲ್. ನಟನೆಗೆ ಬರುವ ಮೊದಲು ಟೆಲಿಫೋನ್ ಆಪರೇಟರ್ ಆಗಿ ದುಡಿದರು. ಬಳಿಕ ಹಾಲಿವುಡ್‌ನಲ್ಲಿ ಸಣ್ಣಪುಟ್ಟ ಪಾತ್ರಗಳು ದೊರೆತವು. 1950ರ ‘ಸ್ಟಾರ್ಸ್ ಇನ್ ಮೈ ಕ್ರೌನ್’, 1954ರ ‘ಎ ಸ್ಟಾರ್ ಈಸ್ ಬಾರ್ನ್’ ಚಿತ್ರಗಳಲ್ಲಿ ಅವರು ಅಭಿನಯಿಸಿದರು.

ಮನೆಮಾತಾದ ಮಿಸ್ ಕಿಟ್ಟಿ

1955ರ ಸೆಪ್ಟೆಂಬರ್‌ನಲ್ಲಿ ‘ಗನ್‌ಸ್ಮೋಕ್’ ಎಂಬ ಟಿ.ವಿ. ಧಾರಾವಾಹಿ ಆರಂಭವಾಯಿತು. 19ನೆಯ ಶತಮಾನದ ಡಾಡ್ಜ್ ಸಿಟಿ ಎಂಬ ಊರಿನ ಕಥೆ ಅದು. ಆ ಊರಿಗೂ ಪ್ರಾಣಿಗಳಿಗೂ ಇದ್ದ ನಿಜವಾದ ನಂಟು ಕ್ರೂರವಾದದ್ದು. 1870ರ ದಶಕದಲ್ಲಿ ಬಯಲಿನ ಕಾಡೆಮ್ಮೆಗಳನ್ನು ಲೆಕ್ಕವಿಲ್ಲದಷ್ಟು ಕೊಂದು, ಅವುಗಳ ಚರ್ಮವನ್ನು ಡಾಡ್ಜ್ ಸಿಟಿಯ ರೈಲು ನಿಲ್ದಾಣದಿಂದಲೇ ಹೊರಗೆ ಸಾಗಿಸಲಾಗುತ್ತಿತ್ತು. ಕಾಡೆಮ್ಮೆಗಳು ಮುಗಿದ ಮೇಲೆ ಅದೇ ಊರು ದನಗಳ ವ್ಯಾಪಾರಕ್ಕೆ ಹೆಸರಾಯಿತು.

ಧಾರಾವಾಹಿಯಲ್ಲಿ ಅಮಾಂಡಾ ಅವರದು ಆ ಊರಿನ ಮದ್ಯದಂಗಡಿಯ ಒಡತಿ ಮಿಸ್ ಕಿಟ್ಟಿಯ ಪಾತ್ರ. ಹೊರಗೆ ಗಟ್ಟಿಗಿತ್ತಿ, ಒಳಗೆ ಕರುಣಾಮಯಿ. ಈ ಒಂದೇ ಪಾತ್ರವನ್ನು ಅವರು 1974ರವರೆಗೆ ಸತತವಾಗಿ 19 ವರ್ಷ ನಿರ್ವಹಿಸಿದರು. ಅವರು ಬಿಟ್ಟ ಮರುವರ್ಷ, ಒಟ್ಟು 635 ಕಂತುಗಳೊಂದಿಗೆ ಧಾರಾವಾಹಿ ಮುಕ್ತಾಯವಾಯಿತು.

ಮನೆಯಂಗಳದಲ್ಲಿ ಚೀತಾಗಳು

ಪ್ರಾಣಿಗಳ ಮೇಲಿನ ಅವರ ಪ್ರೀತಿ ನಟನೆಯ ದಿನಗಳಲ್ಲೇ ಎದ್ದು ಕಾಣುತ್ತಿತ್ತು. ಸಾಕಿದ ಸಿಂಹವೊಂದನ್ನು ಚಿತ್ರೀಕರಣದ ಸ್ಥಳಕ್ಕೂ ಕರೆತರುತ್ತಿದ್ದರು. 1967ರಲ್ಲಿ ಫ್ರಾಂಕ್ ಗಿಲ್ಬರ್ಟ್ ಅವರನ್ನು ವಿವಾಹವಾದ ನಂತರ ದಂಪತಿ ಅರಿಜೋನಾ ರಾಜ್ಯದ ಫೀನಿಕ್ಸ್‌ನ ತಮ್ಮ ಮನೆಯ ಆವರಣದಲ್ಲಿ ಚೀತಾಗಳನ್ನು ಸಾಕಿ, ಅವುಗಳ ಸಂತತಿ ಬೆಳೆಸಲು ಮುಂದಾದರು.

ಇದು ಸುಲಭದ ಕೆಲಸವಾಗಿರಲಿಲ್ಲ. ಹೆಣ್ಣು ಚೀತಾ ಒಂಟಿಯಾಗಿ ಅಲೆಯುವ ಪ್ರಾಣಿ. ಗಂಡು ಹೆಣ್ಣುಗಳನ್ನು ಒಂದೇ ಆವರಣದಲ್ಲಿ ಕೂಡಿಹಾಕಿದರೆ ಸಾಮಾನ್ಯವಾಗಿ ಮರಿಗಳಾಗುವುದಿಲ್ಲ. ಬೇಟೆಗಾಗಿ ಅಸಂಖ್ಯ ಚೀತಾಗಳನ್ನು ಸಾಕಿದ್ದ ಮೊಘಲರ ಆಸ್ಥಾನದಲ್ಲೂ ಮರಿಗಳಾದದ್ದು ಒಮ್ಮೆ ಮಾತ್ರ ದಾಖಲಾಗಿದೆ. ಅದು ಜಹಾಂಗೀರನ ಕಾಲದಲ್ಲಿ. ಆಧುನಿಕ ಮೃಗಾಲಯವೊಂದರಲ್ಲಿ ಮೊದಲ ಬಾರಿಗೆ ಚೀತಾ ಮರಿಗಳು ಹುಟ್ಟಿದ್ದು 1956ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಇಂತಹ ಪರಿಸ್ಥಿತಿಯಲ್ಲಿ ಅಮಾಂಡಾ ದಂಪತಿ ಚೀತಾಗಳ ಏಳು ತಲೆಮಾರುಗಳನ್ನು ಬೆಳೆಸಿದರು.

ಕೊಲ್ಲದ ಆಶ್ರಯಧಾಮ

ಆ ಕಾಲದ ಅಮೆರಿಕದ ಅನೇಕ ಪ್ರಾಣಿ ಆಶ್ರಯಧಾಮಗಳಲ್ಲಿ ಒಂದು ಪದ್ಧತಿಯಿತ್ತು. ಬೀದಿಯಲ್ಲಿ ಸಿಕ್ಕ ನಾಯಿ, ಬೆಕ್ಕುಗಳನ್ನು ಕೆಲವು ದಿನ ಇರಿಸಿಕೊಳ್ಳುವುದು, ಯಾರೂ ಕೇಳಿಕೊಂಡು ಬಾರದಿದ್ದರೆ ಚುಚ್ಚುಮದ್ದು ಮುಂತಾದ ಉಪಾಯಗಳಿಂದ ಕೊಂದುಬಿಡುವುದು. ಇದಕ್ಕೆ ಪರ್ಯಾಯವಾಗಿ ಅಮಾಂಡಾ ಅವರು ಸಮಾನಮನಸ್ಕರೊಂದಿಗೆ ಸೇರಿ 1971ರಲ್ಲಿ ಅರಿಜೋನಾ ಅನಿಮಲ್ ವೆಲ್ಫೇರ್ ಲೀಗ್ ಸ್ಥಾಪಿಸಿದರು. ಜಾಗವಿಲ್ಲವೆಂದೋ ಒಯ್ಯುವವರಿಲ್ಲವೆಂದೋ ಪ್ರಾಣಿಯನ್ನು ಕೊಲ್ಲಬಾರದೆಂಬ ನಿಲುವಿನ ಈ ಸಂಸ್ಥೆ ಇಂದಿಗೂ ನಡೆಯುತ್ತಿದೆ. ನಮ್ಮ ಪಿಂಜರಾಪೋಲ್‌ಗಳನ್ನು ಬಲ್ಲವರಿಗೆ ಈ ಕೆಲಸದ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಯಿಲೆಯ ನಡುವೆಯೂ ಸೇವೆ

ಅಮಾಂಡಾ ಅವರಿಗೆ ವಿಪರೀತ ಧೂಮಪಾನದ ಚಟವಿತ್ತು. ಅದರ ಬೆಲೆಯನ್ನೂ ತೆತ್ತರು. 1977ರಲ್ಲಿ ಬಾಯಿ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಯಿತು. ಮಾತನ್ನೇ ನಂಬಿ ಬದುಕಿದ ಕಲಾವಿದೆಗೆ ಮಾತನಾಡುವುದೇ ಕಷ್ಟವಾಯಿತು. ಅವರು ತಮ್ಮ ಸಂಕಟವನ್ನು ಮುಚ್ಚಿಡದೆ, ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಪರವಾಗಿ ಜನರಲ್ಲಿ ಅರಿವು ಮೂಡಿಸುವ ಕೆಲಸದಲ್ಲಿ ತೊಡಗಿದರು. 1984ರಲ್ಲಿ ಆ ಸಂಸ್ಥೆ ನೀಡಿದ ಧೈರ್ಯ ಪ್ರಶಸ್ತಿಯನ್ನು ಅಧ್ಯಕ್ಷ ರೊನಾಲ್ಡ್ ರೇಗನ್ ಅವರು ಪ್ರದಾನ ಮಾಡಿದರು.

ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಪ್ಯಾಟ್ ಡರ್ಬಿ ಮತ್ತು ಎಡ್ ಸ್ಟೀವರ್ಟ್ ಅವರು ‘ಪಾಸ್’ ಎಂಬ ಪ್ರಾಣಿ ರಕ್ಷಣಾ ಸಂಸ್ಥೆಯನ್ನು ಆರಂಭಿಸಿದರು. ‘ಗನ್‌ಸ್ಮೋಕ್’ ಸೇರಿದಂತೆ ಹಲವು ಧಾರಾವಾಹಿಗಳಿಗೆ ಪ್ರಾಣಿಗಳನ್ನು ಪಳಗಿಸಿಕೊಟ್ಟಿದ್ದವರು ಡರ್ಬಿ. ಪಳಗಿಸುವ ಹೆಸರಿನಲ್ಲಿ ನಡೆಯುವ ಹಿಂಸೆಯನ್ನು ಕಣ್ಣಾರೆ ಕಂಡು, ಅದನ್ನು ಬಯಲಿಗೆಳೆಯಲು ಹೊರಟಿದ್ದರು. ಸರ್ಕಸ್‌ನಲ್ಲಿ, ಸಿನಿಮಾದಲ್ಲಿ ದುಡಿದು ಕೈಬಿಡಲ್ಪಟ್ಟ ಆನೆ, ಹುಲಿ, ಕರಡಿಗಳಿಗೆ ಆಶ್ರಯ ಕೊಡುವುದು ಸಂಸ್ಥೆಯ ಗುರಿ. ಅಮಾಂಡಾ ಅವರು 1985ರಲ್ಲಿ ಇದರ ಆರಂಭಕ್ಕೆ ಹಣಕಾಸಿನ ನೆರವು ನೀಡಿದರು. ಅದರ ಕೆಲಸಕ್ಕಾಗಿ ಆಫ್ರಿಕಾಕ್ಕೂ ಪ್ರಯಾಣ ಮಾಡಿದರು.

ಇಲ್ಲೊಂದು ಗಮನಿಸಬೇಕಾದ ಸಂಗತಿಯಿದೆ. ವನ್ಯಪ್ರಾಣಿಗಳನ್ನು ಖಾಸಗಿಯಾಗಿ ಸಾಕುವುದನ್ನೂ ಸೆರೆಯಲ್ಲಿಟ್ಟು ಮರಿ ಮಾಡಿಸುವುದನ್ನೂ ವಿರೋಧಿಸುವ ಸಂಸ್ಥೆ ಇದು. ಸಿಂಹವನ್ನು ಸಾಕಿದ್ದ, ಚೀತಾಗಳ ಸಂತತಿ ಬೆಳೆಸಿದ್ದ ಅಮಾಂಡಾ ಅವರು ತಮ್ಮ ಕೊನೆಯ ವರ್ಷಗಳ ಶಕ್ತಿಯನ್ನು ಧಾರೆಯೆರೆದದ್ದು ಇದಕ್ಕೇ. ಪ್ರಾಣಿಯನ್ನು ಪ್ರೀತಿಸಿ ತನ್ನ ಬಳಿ ಇರಿಸಿಕೊಳ್ಳುವುದು ಒಂದು ಮೆಟ್ಟಿಲಾದರೆ, ಅದನ್ನು ಅದರ ಪಾಡಿಗೆ ನೆಮ್ಮದಿಯಾಗಿ ಬದುಕಲು ಬಿಡುವುದು ಅದಕ್ಕಿಂತ ಮೇಲಿನ ಮೆಟ್ಟಿಲು. ಅವರ ಬಾಳಿನಲ್ಲಿ ಈ ಎರಡೂ ಮೆಟ್ಟಿಲುಗಳು ಕಾಣುತ್ತವೆ.

1989ರ ಆಗಸ್ಟ್ 16ರಂದು ಸ್ಯಾಕ್ರಮೆಂಟೊ ನಗರದ ಆಸ್ಪತ್ರೆಯಲ್ಲಿ, 60ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಕ್ಯಾನ್ಸರ್‌ನಿಂದ ತೀರಿಕೊಂಡರೆಂದು ಮೊದಲು ಪ್ರಕಟವಾಗಿತ್ತು. ಏಡ್ಸ್ ಸಂಬಂಧಿತ ತೊಂದರೆಗಳು ಕಾರಣವೆಂದು ಬಳಿಕ ವೈದ್ಯರು ತಿಳಿಸಿದರು.

ಅಳಿದ ಮೇಲೂ ಅಭಯ

ಅವರು ಅಗಲಿದ ಎಂಟು ವರ್ಷಗಳ ನಂತರ, 1997ರಲ್ಲಿ, ಕ್ಯಾಲಿಫೋರ್ನಿಯಾದ ಹೆರಾಲ್ಡ್ ಎಂಬಲ್ಲಿನ ರ‍್ಯಾಂಚೊ ಸೆಕೊ ಉದ್ಯಾನದಲ್ಲಿ ಅಮಾಂಡಾ ಬ್ಲೇಕ್ ಸ್ಮಾರಕ ವನ್ಯಜೀವಿಧಾಮ ಆರಂಭವಾಯಿತು. ಆಫ್ರಿಕಾ ಮೂಲದ ಗೊರಸುಳ್ಳ ಪ್ರಾಣಿಗಳಿಗೆ ಅಲ್ಲಿ ಬಯಲಿನಲ್ಲಿ ಮುಕ್ತವಾಗಿ ಓಡಾಡುವ ಅವಕಾಶ ಕಲ್ಪಿಸಲಾಯಿತು. ಅವುಗಳಲ್ಲಿ ಹೆಚ್ಚಿನವು ಹರಾಜಿನಲ್ಲಿ ಮಾರಾಟವಾಗಬೇಕಿದ್ದವು, ಇಲ್ಲವೇ ಹಣ ಕೊಟ್ಟವರು ಮೋಜಿಗೆ ಗುಂಡಿಕ್ಕುವ ಬೇಟೆ ತೋಟಗಳಿಗೆ ಹೋಗಬೇಕಿದ್ದವು. ಅಂತಹ ಜೀವಿಗಳು ಬಂದೂಕಿನ ಭಯವಿಲ್ಲದೆ ಮೇಯುವ ಬಯಲಿಗೆ ಅಮಾಂಡಾ ಅವರ ಹೆಸರಿಟ್ಟಿರುವುದು ಅರ್ಥಪೂರ್ಣವಾಗಿದೆ.