ಸೋರುವ ಪಂಪಿನ ಜೊತೆ ಗುದ್ದಾಡಿದ ರಾಬರ್ಟ್ ಬಾಯ್ಲ್: ನಿಮ್ಮ ಮನೆಯ ಹಳೇ ಕಂಪ್ರೆಸರ್‌ಗೂ ಅವನಿಗೂ ಏನು ಸಂಬಂಧ?

ಮನೆಯಲ್ಲೊಂದು ಹಳೆಯ ಏರ್ ಕಂಪ್ರೆಸರ್ ಇದೆ ಅಂದುಕೊಳ್ಳಿ. ಟೈರಿಗೆ ಗಾಳಿ ಹಿಡಿಯಲು, ಗೇಟಿಗೆ ಪೇಂಟ್ ಹೊಡೆಯಲು ಅಂತ ಎಂದೋ ತಂದದ್ದು. ಈಗ ಎಲ್ಲೋ ಸೋರುತ್ತಿದೆ. ಯಾರೂ ಗಾಳಿ ಬಳಸದಿದ್ದರೂ ಆಗಾಗ ಮೋಟರ್ ತಾನಾಗಿ ಚಾಲೂ ಆಗುತ್ತದೆ. ಟ್ಯಾಂಕಿನ ತೂತಿಗೆ ಎಪಾಕ್ಸಿ ಅಂಟು ಮೆತ್ತಿ, ಇಲ್ಲವೇ ಒಂದು ಚುಕ್ಕೆ ವೆಲ್ಡಿಂಗ್ ಹಾಕಿಸಿ, ಹೊಸದರಂತೆ ಆಗುತ್ತದೆ ಎಂದು ಸಲಹೆ ಕೊಡುವವರು ಸಿಕ್ಕೇ ಸಿಗುತ್ತಾರೆ. ಇದು ಸರಿಯೇ?

ಅಲ್ಲ. ಜೋಡಣೆಯಲ್ಲಿ ಸೋರಿದರೆ ರಿಪೇರಿ ಮಾಡಿ, ಟ್ಯಾಂಕೇ ಸೋರಿದರೆ ಟ್ಯಾಂಕ್ ಬದಲಿಸಿ. ಯಾಕೆ ಎಂಬುದಕ್ಕೆ ಉತ್ತರ ಸುಮಾರು 360 ವರ್ಷಗಳ ಹಿಂದಿನ ಒಬ್ಬ ಮನುಷ್ಯನ ಬದುಕಿನಲ್ಲಿದೆ. ಹೆಸರು ನಿಮಗೆ ಗೊತ್ತೇ ಇದೆ. ಶಾಲೆ, ಪಿಯುಸಿಯಲ್ಲಿ ಬಾಯ್ಲ್ ನಿಯಮ ಬಾಯಿಪಾಠ ಮಾಡಿದ್ದೀರಲ್ಲ, ಅದೇ ರಾಬರ್ಟ್ ಬಾಯ್ಲ್.

ಬಾಯ್ಲ್ ಹುಟ್ಟಿದ್ದು 1627ರ ಜನವರಿ 25ರಂದು, ಐರ್ಲೆಂಡಿನ ಲಿಸ್ಮೋರ್ ಕೋಟೆಯಲ್ಲಿ. ಅಪ್ಪ ರಿಚರ್ಡ್ ಬಾಯ್ಲ್, ಕಾರ್ಕ್‌ನ ಅರ್ಲ್ ಎಂಬ ಪದವಿಯ ಭಾರೀ ಸಿರಿವಂತ. ಈತ ಹದಿನಾಲ್ಕನೇ ಮಗು. ಮೂರು ವರ್ಷವಾದಾಗ ತಾಯಿ ತೀರಿಕೊಂಡಳು. ಎಂಟನೇ ವಯಸ್ಸಿಗೆ ಇಂಗ್ಲೆಂಡಿನ ಈಟನ್ ಶಾಲೆಗೆ ಸೇರಿಸಿದರು. ಅಲ್ಲಿದ್ದಾಗ ಔಷಧಿ ಅಂಗಡಿಯವನೊಬ್ಬ ತಪ್ಪಾಗಿ ಬೇರೆ ಯಾವುದೋ ಔಷಧಿ ಕೊಟ್ಟು, ಹುಡುಗ ವಾಂತಿ ಮಾಡಿಕೊಂಡು ಹಣ್ಣಾಗಿಬಿಟ್ಟ. ಆಮೇಲೆ ಜೀವನವಿಡೀ ಅವನಿಗೆ ರೋಗಕ್ಕಿಂತ ವೈದ್ಯರ ಭಯವೇ ಹೆಚ್ಚಾಗಿತ್ತು. (ಫಾರ್ವರ್ಡ್ ನೋಡಿ ಔಷಧಿ ನುಂಗುವವರು ಈ ಒಂದು ವಾಕ್ಯವನ್ನು ಎರಡು ಸಲ ಓದಿಕೊಳ್ಳಬಹುದು.)

ಮುಂದೆ ಯುರೋಪ್ ಪ್ರವಾಸ. 1642ರಲ್ಲಿ ಗೆಲಿಲಿಯೊ ಸತ್ತಾಗ ಬಾಯ್ಲ್ ಹತ್ತಿರದ ಫ್ಲಾರೆನ್ಸ್ ಊರಲ್ಲೇ ಇದ್ದ. 1644ರಲ್ಲಿ ಇಂಗ್ಲೆಂಡಿಗೆ ವಾಪಸಾಗಿ, ಅಪ್ಪನಿಂದ ಬಂದ ಸ್ಟಾಲ್‌ಬ್ರಿಜ್ ಎಂಬ ಹಳ್ಳಿಯ ಮನೆಯಲ್ಲಿ ಪ್ರಯೋಗ ಶುರು ಮಾಡಿದ. ದೂರದಿಂದ ತರಿಸಿದ ದೊಡ್ಡ ಮಣ್ಣಿನ ಕುಲುಮೆ ದಾರಿಯಲ್ಲೇ ಒಡೆದು ಚೂರುಚೂರಾಗಿ ಬಂತು. ಉಪಕರಣದ ಜೊತೆ ಅವನ ಮೊದಲ ಅನುಭವವೇ ಹೀಗೆ.

1655ರ ಸುಮಾರಿಗೆ ಆಕ್ಸ್‌ಫರ್ಡಿಗೆ ಬಂದ. ಆಗ ಒಂದು ಪುಸ್ತಕದ ಮೂಲಕ ಜರ್ಮನಿಯ ಸುದ್ದಿ ಸಿಕ್ಕಿತು. ಮ್ಯಾಗ್ಡೆಬರ್ಗ್ ಊರಿನ ಆಟೊ ಫಾನ್ ಗೆರಿಕೆ ಎಂಬಾತ ಪಾತ್ರೆಯೊಳಗಿನ ಗಾಳಿಯನ್ನು ಪಂಪಿನಿಂದ ಹೊರಗೆ ತೆಗೆಯುತ್ತಿದ್ದಾನೆ ಎಂಬ ಸುದ್ದಿ. ಎರಡು ಅರ್ಧಗೋಳಗಳನ್ನು ಕೂಡಿಸಿ, ಗಾಳಿ ತೆಗೆದು, ಎರಡೂ ಕಡೆ ಕುದುರೆ ಕಟ್ಟಿ ಎಳೆಸಿದ ಚಿತ್ರ ಪಠ್ಯಪುಸ್ತಕದಲ್ಲಿ ನೋಡಿರುತ್ತೀರಿ. ಆ ಕುದುರೆಗಳಿಗಿಂತ ಮುಖ್ಯವಾದದ್ದು ಅದಕ್ಕೂ ಮುಂಚೆ ಗೆರಿಕೆ ಸೋತ ಕಥೆ. ಮೊದಲು ಅವನು ಮರದ ಪೀಪಾಯಿ ಬಳಸಿದ. ಮರದ ಸಂದಿಯಿಂದ ಗಾಳಿ ಸುಯ್ ಎಂದು ಒಳಗೆ ನುಗ್ಗಿತು. ಆಮೇಲೆ ತಾಮ್ರದ ಗೋಳ ಮಾಡಿಸಿದ. ಅದು ಸರಿಯಾಗಿ ಗುಂಡಗಿರಲಿಲ್ಲ. ಗಾಳಿ ತೆಗೆಯುತ್ತಾ ಹೋದಂತೆ ದೊಡ್ಡ ಸದ್ದಿನೊಂದಿಗೆ ಕಾಗದದಂತೆ ಮುದುಡಿಹೋಯಿತು.

ಗಮನಿಸಿ, ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಒಂದು, ಸಂದಿಯಲ್ಲಿ ಗಾಳಿ ನುಸುಳುವುದು. ಇನ್ನೊಂದು, ಪಾತ್ರೆಯೇ ಒತ್ತಡ ತಡೆಯಲಾರದೆ ಹೋಗುವುದು. ಮೊದಲನೆಯದು ಕಿರಿಕಿರಿ, ಎರಡನೆಯದು ಅಪಾಯ. ನಿಮ್ಮ ಕಂಪ್ರೆಸರ್ ವಿಷಯದಲ್ಲೂ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದೇ.

ಬಾಯ್ಲ್‌ಗೆ ಕೈಕೆಲಸ ಅಷ್ಟು ಒಗ್ಗುತ್ತಿರಲಿಲ್ಲ, ಕಣ್ಣೂ ಮಂದ. ಹಣ ಇತ್ತು. ಕೈಚಳಕವಿದ್ದ ಯುವಕನೊಬ್ಬನನ್ನು ಸಹಾಯಕನಾಗಿ ಇಟ್ಟುಕೊಂಡ. ಅವನೇ ರಾಬರ್ಟ್ ಹುಕ್, ಸ್ಪ್ರಿಂಗಿನ ನಿಯಮ ಕೊಟ್ಟವನು. ಹುಕ್ 1659ರಲ್ಲಿ ಕಟ್ಟಿಕೊಟ್ಟ ಪಂಪಿಗೆ ಮೇಲೆ ಸುಮಾರು 28 ಲೀಟರ್ ಹಿಡಿಯುವ ಗಾಜಿನ ಬುರುಡೆ, ಕೆಳಗೆ ಹಿತ್ತಾಳೆ ಸಿಲಿಂಡರ್, ಅದರೊಳಗೆ ಚರ್ಮ ಸುತ್ತಿದ ಪಿಸ್ಟನ್, ಹಲ್ಲುಚಕ್ರಕ್ಕೆ ಒಂದು ಹಿಡಿಕೆ. ರಬ್ಬರ್ ವಾಷರ್ ಇಲ್ಲದ ಕಾಲ ಅದು. ಹಾಗಾಗಿ ಸಂದಿಗಳಿಗೆ ಗಾಯಕ್ಕೆ ಹಾಕುವ ಮುಲಾಮಿನ ಪಟ್ಟಿಯಂಥ ಅಂಟು ಮೆತ್ತಿದರು, ಪಿಸ್ಟನ್ ಸುತ್ತ ಅಡುಗೆಗೆ ಬಳಸುವ ಎಣ್ಣೆ ಸುರಿದರು. ಆದರೂ ಸೋರುತ್ತಿತ್ತು.

ಬಾಯ್ಲ್ ಇದನ್ನು ಮುಚ್ಚಿಡಲಿಲ್ಲ, ನನಗೆ ಅವನಲ್ಲಿ ಇಷ್ಟವಾಗುವುದು ಇದೇ. 1660ರಲ್ಲಿ 43 ಪ್ರಯೋಗಗಳ ಪುಸ್ತಕ ಅಚ್ಚು ಮಾಡಿಸಿದಾಗ ಪಂಪು ಎಲ್ಲೆಲ್ಲಿ ಕೈಕೊಟ್ಟಿತು ಎಂಬುದನ್ನೂ ಬರೆದ. ಗಾಜಿನ ಬುರುಡೆಯೊಳಗೆ ಪಾದರಸದ ಕೊಳವೆ ಇಟ್ಟು ಗಾಳಿ ತೆಗೆದಾಗ ಪಾದರಸ ಇಳಿಯುತ್ತಾ ಬಂತು, ಆದರೆ ಪೂರ್ತಿ ತಳ ಮುಟ್ಟಲಿಲ್ಲ. ಅಂದರೆ ಒಳಗೆ ಇನ್ನೂ ಸ್ವಲ್ಪ ಗಾಳಿ ಉಳಿದಿದೆ. ಸೋರಿಕೆಯನ್ನು ಕಿವಿಯಿಂದ ಊಹಿಸದೆ ಅಳತೆಯಿಂದ ಹಿಡಿದದ್ದು ಹೀಗೆ.

ನಿಮ್ಮ ಕಂಪ್ರೆಸರ್‌ಗೂ ಅದನ್ನೇ ಮಾಡಿ. ಟ್ಯಾಂಕ್ ತುಂಬಿಸಿ, ಪ್ಲಗ್ ಕಿತ್ತು, ಹೊರಗೆ ಹೋಗುವ ವಾಲ್ವ್ ಮುಚ್ಚಿ. ಗೇಜ್ ನೋಡುವ ಮೊದಲು ಒಂದು ಗಂಟೆ ಬಿಡಿ. ಒತ್ತಿದ ಗಾಳಿ ಬಿಸಿಯಾಗಿರುತ್ತದೆ, ತಣ್ಣಗಾಗುವಾಗ ಮುಳ್ಳು ಸ್ವಲ್ಪ ಇಳಿಯುವುದು ಸಹಜ. ಅದನ್ನು ಸೋರಿಕೆ ಎಂದುಕೊಂಡು ಬಿಚ್ಚಲು ಹೋಗುವವರು ಬಹಳ. ತಣ್ಣಗಾದ ಮೇಲೂ ಮುಳ್ಳು ಬೀಳುತ್ತಲೇ ಇದ್ದರೆ ಮಾತ್ರ ಲೀಕ್ ಇದೆ ಎಂದರ್ಥ. ಆಗ ಸೋಪಿನ ನೀರನ್ನು ಬ್ರಷ್‌ನಲ್ಲಿ ಪ್ರತಿ ಜೋಡಣೆಗೂ ಹಚ್ಚಿ, ಗುಳ್ಳೆ ಏಳುವಲ್ಲಿ ಗಾಳಿ ಬರುತ್ತಿದೆ. ಸ್ವಿಚ್ ಡಬ್ಬಿಯೊಳಗೆ ನೀರು ಹೋಗದಂತೆ ನೋಡಿಕೊಳ್ಳಿ.

ಇನ್ನೊಂದು ತಪ್ಪು ತಿಳಿವಳಿಕೆ. ಮೋಟರ್ ನಿಂತ ತಕ್ಷಣ ಸ್ವಿಚ್ಚಿನ ಕೆಳಗಿನಿಂದ ಪುಸ್ ಎಂದು ಎರಡು ಮೂರು ಸೆಕೆಂಡ್ ಗಾಳಿ ಬಂದರೆ ಅದು ಲೀಕ್ ಅಲ್ಲ. ಮುಂದಿನ ಸಲ ಮೋಟರ್ ಸುಲಭವಾಗಿ ತಿರುಗಲೆಂದು ಕೊಳವೆಯ ಗಾಳಿಯನ್ನು ಅದು ತಾನಾಗಿ ಬಿಡುತ್ತದೆ. ಆ ಪುಸ್ ನಿಲ್ಲದೇ ಬರುತ್ತಿದ್ದರೆ, ಟ್ಯಾಂಕಿನ ಬಾಯಲ್ಲಿರುವ ಚೆಕ್ ವಾಲ್ವ್ ಕೆಟ್ಟಿದೆ ಎಂದು ಸಾಮಾನ್ಯವಾಗಿ ಹೇಳಬಹುದು. ಅದು ಸಣ್ಣ ರಿಪೇರಿ. ಥ್ರೆಡ್ಡಿನಲ್ಲಿ ಸೋರಿದರೆ ಬಿಚ್ಚಿ ಹೊಸದಾಗಿ ಟೆಫ್ಲಾನ್ ಟೇಪ್ ಸುತ್ತಿ. ಹೋಸ್, ವಾಷರ್, ಗೇಜ್, ತಳದ ನೀರು ಬಿಡುವ ವಾಲ್ವ್ ಎಲ್ಲವೂ ಬದಲಿಸಬಹುದಾದವು. ಏನನ್ನೇ ಬಿಚ್ಚುವ ಮೊದಲು ಗೇಜ್ ಸೊನ್ನೆಗೆ ಬರುವವರೆಗೆ ಗಾಳಿ ಬಿಟ್ಟುಬಿಡಿ. ಇದರಲ್ಲಿ ರಿಯಾಯಿತಿ ಇಲ್ಲ.

ಸೋರುವುದನ್ನು ತಾನೇ ಒಪ್ಪಿಕೊಂಡದ್ದಕ್ಕೆ ಬಾಯ್ಲ್ ಬೈಸಿಕೊಂಡ. ದೊಡ್ಡ ಹೆಸರಿನ ತತ್ವಜ್ಞಾನಿ ಥಾಮಸ್ ಹಾಬ್ಸ್ 1661ರಲ್ಲಿ ಅವನ ವಿರುದ್ಧ ಪುಸ್ತಕವನ್ನೇ ಬರೆದ. ಪಂಪೇ ಸೋರುತ್ತದೆ, ಹಾಗಿರುವಾಗ ಅದರ ಪ್ರಯೋಗದಿಂದ ಏನು ಸಾಬೀತಾಗುತ್ತದೆ ಎಂಬುದು ಅವನ ವಾದದ ಸಾರ. ಬಾಯ್ಲ್ ಬರೀ ಮಾತಿನಲ್ಲಿ ಉತ್ತರಿಸಲಿಲ್ಲ. ಹಳೆಯ ಪಂಪನ್ನು ಹೊಸದಾಗಿ ಶುರುವಾಗಿದ್ದ ರಾಯಲ್ ಸೊಸೈಟಿಗೆ ಕೊಟ್ಟುಬಿಟ್ಟ. ಬೇರೆ ವಿನ್ಯಾಸದ ಪಂಪು ಮಾಡಿಸಿದ. ಅದರಲ್ಲಿ ಸಿಲಿಂಡರ್ ನೀರಿನೊಳಗೆ ಮುಳುಗಿರುತ್ತಿತ್ತು. ಎಣ್ಣೆ, ಅಂಟು ಹಚ್ಚಿ ಹಚ್ಚಿ ಸಾಕಾದ ಮೇಲೆ ಮಾಡಬೇಕಾದ ಕೆಲಸವನ್ನೇ ಮಾಡಿದ.

ಅದೇ ಹೊತ್ತಿಗೆ ಫ್ರಾನ್ಸಿಸ್ ಲೈನ್ ಎಂಬ ಜೆಸ್ಯೂಟ್ ಪಾದ್ರಿಯೂ ತಕರಾರು ತೆಗೆದಿದ್ದ. ಗಾಳಿಗೆ ಪಾದರಸವನ್ನು ಎತ್ತಿಹಿಡಿಯುವಷ್ಟು ಶಕ್ತಿ ಇಲ್ಲ, ಕಾಣದ ದಾರವೊಂದು ಅದನ್ನು ಎಳೆದು ಹಿಡಿದಿದೆ ಎಂದು ಅವನ ವಾದ. ಇದಕ್ಕೆ ಉತ್ತರವಾಗಿ ಬಾಯ್ಲ್ ಈ ಸಲ ಗಾಳಿಯನ್ನು ಹೊರಗೆ ತೆಗೆಯಲಿಲ್ಲ, ಒತ್ತಿದ. ಇಂಗ್ಲಿಷಿನ ಜೆ ಅಕ್ಷರದಂತೆ ಬಾಗಿದ ಗಾಜಿನ ಕೊಳವೆ, ಚಿಕ್ಕ ತುದಿ ಮುಚ್ಚಿದ್ದು. ಉದ್ದ ತುದಿಯಿಂದ ಪಾದರಸ ಸುರಿಯುತ್ತಾ ಹೋದರು. ಕೊಳವೆ ಎಷ್ಟು ಉದ್ದವೆಂದರೆ ಕೋಣೆಯಲ್ಲಿ ನಿಲ್ಲದೆ ಮೆಟ್ಟಿಲ ಬಳಿ ನಿಲ್ಲಿಸಬೇಕಾಯಿತು. ಒಡೆದರೆ ಪಾದರಸ ಚೆಲ್ಲದಿರಲಿ ಎಂದು ಕೆಳಗೆ ಮರದ ಪೆಟ್ಟಿಗೆ ಇಟ್ಟಿದ್ದರು. ಒತ್ತಡ ಸುಮಾರು ಎರಡು ಪಟ್ಟಾದಾಗ ಗಾಳಿ ಅರ್ಧ ಜಾಗಕ್ಕೆ, ನಾಲ್ಕು ಪಟ್ಟಾದಾಗ ಕಾಲು ಜಾಗಕ್ಕೆ ಕುಗ್ಗಿತು. 1662ರಲ್ಲಿ ಅಚ್ಚಾದ ಈ ಲೆಕ್ಕವೇ ಬಾಯ್ಲ್ ನಿಯಮ. ಈ ಸಂಬಂಧ ಮೊದಲು ಹೊಳೆದದ್ದು ರಿಚರ್ಡ್ ಟೌನ್ಲಿಗೆ ಎಂಬುದನ್ನೂ ಬಾಯ್ಲ್ ಅದರಲ್ಲೇ ಬರೆದಿದ್ದಾನೆ. ಹೆಸರು ಮಾತ್ರ ಬಾಯ್ಲ್‌ದೇ ಉಳಿಯಿತು.

ಈಗ ಈ ಲೆಕ್ಕವನ್ನು ನಿಮ್ಮ ಕಂಪ್ರೆಸರ್‌ಗೆ ಹಾಕಿ. ಟ್ಯಾಂಕು 50 ಲೀಟರ್, ಗೇಜ್ ತೋರಿಸುವುದು 8 ಬಾರ್. ಗೇಜ್ ಹೊರಗಿನ ಗಾಳಿಯ 1 ಬಾರ್ ಬಿಟ್ಟು ಲೆಕ್ಕ ಹಾಕುತ್ತದೆ, ಹಾಗಾಗಿ ಒಳಗಿನ ನಿಜವಾದ ಒತ್ತಡ 9. ಅಂದರೆ ಆ 50 ಲೀಟರ್ ಜಾಗದಲ್ಲಿ 450 ಲೀಟರ್ ಗಾಳಿ ಮುದುರಿ ಕೂತಿದೆ. ಬಾಯ್ಲ್‌ನ ಗಾಜಿನ ಬುರುಡೆ ತಡೆಯಬೇಕಿದ್ದದ್ದು ಹೆಚ್ಚೆಂದರೆ 1 ಬಾರ್ ವ್ಯತ್ಯಾಸ. ಗೆರಿಕೆಯ ತಾಮ್ರದ ಗೋಳ ಅಷ್ಟಕ್ಕೇ ಮುದುಡಿತು. ನಿಮ್ಮ ಟ್ಯಾಂಕಿನ ತಗಡು ಅದರ ಎಂಟು ಪಟ್ಟು ತಡೆಯಬೇಕು.

ತಗಡು ತೂತಾಗುವುದು ಹೊರಗಿನಿಂದಲ್ಲ, ಒಳಗಿನಿಂದ. ಗಾಳಿಯ ತೇವಾಂಶ ಒತ್ತಿ ತಣ್ಣಗಾದಾಗ ನೀರಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಕರಾವಳಿಯ ಮಳೆಗಾಲದಲ್ಲಂತೂ ಬೇಗ ತುಂಬುತ್ತದೆ. ಬಳಸಿದ ಮೇಲೆ ತಳದ ವಾಲ್ವ್ ತೆರೆದು ನೀರು ಬಿಡದಿದ್ದರೆ ತುಕ್ಕು ತಿನ್ನುತ್ತಾ ಬರುತ್ತದೆ. ಹೊರಗೆ ಸೂಜಿಮೊನೆಯಷ್ಟು ತೂತು ಕಂಡಾಗ ಅದರ ಸುತ್ತಲಿನ ತಗಡೂ ಹಾಳೆಯಷ್ಟು ತೆಳುವಾಗಿರಬಹುದು. ನಿಮಗೆ ಕಂಡದ್ದು ಎಲ್ಲಕ್ಕಿಂತ ತೆಳುವಾದ ಒಂದು ಚುಕ್ಕೆ ಮಾತ್ರ. ಅಂಟು ಮೆತ್ತಿದರೆ ಸದ್ದು ನಿಲ್ಲುತ್ತದೆ, ತಗಡು ದಪ್ಪವಾಗುವುದಿಲ್ಲ. ವೆಲ್ಡಿಂಗ್ ಮಾಡಿದರೆ ಆ ತೆಳು ತಗಡು ಬಿಸಿಗೆ ಇನ್ನಷ್ಟು ಹದಗೆಡುತ್ತದೆ. ಮುಂದೊಂದು ದಿನ ತೂತು ಸೀಳಾಗಿ, 450 ಲೀಟರ್ ಗಾಳಿ ಒಂದೇ ಕ್ಷಣದಲ್ಲಿ ಹೊರಬಿದ್ದರೆ ಪಕ್ಕದಲ್ಲಿ ನಿಂತವರ ಕೈಕಾಲು, ಜೀವ ಹೋಗಬಹುದು. ಟ್ಯಾಂಕುಗಳನ್ನು ಪರೀಕ್ಷಿಸುವವರು ಗಾಳಿಯ ಬದಲು ನೀರು ತುಂಬಿ ಒತ್ತಡ ಕೊಡುವುದು ಇದಕ್ಕೇ. ನೀರು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಹಾಗಾಗಿ ಟ್ಯಾಂಕ್ ಸೀಳಿದರೂ ಸ್ಫೋಟಿಸುವುದಿಲ್ಲ.

ಮೋಟರ್, ಪಂಪ್ ಚೆನ್ನಾಗಿದ್ದರೆ ಅವನ್ನು ಹೊಸ ಟ್ಯಾಂಕಿಗೆ ಕೂರಿಸಿಕೊಡುವ ಮೆಕ್ಯಾನಿಕ್‌ಗಳಿದ್ದಾರೆ. ಪಿಸ್ಟನ್ ರಿಂಗೂ ಸವೆದು ಗಾಳಿ ಏರುವುದೇ ತಡವಾಗುತ್ತಿದ್ದರೆ ಇಡೀ ಕಂಪ್ರೆಸರ್ ಬದಲಿಸುವುದೇ ಲೇಸು. ಹಳೇ ಟ್ಯಾಂಕನ್ನು ಗುಜರಿಗೆ ಹಾಕುವ ಮೊದಲು ಗಾಳಿ ಪೂರ್ತಿ ಬಿಟ್ಟು, ಡ್ರಿಲ್‌ನಿಂದ ದೊಡ್ಡ ತೂತು ಹೊಡೆದು ಕೊಡಿ. ಇಲ್ಲದಿದ್ದರೆ ಅದಕ್ಕೆ ಪೇಂಟ್ ಬಳಿದು ಇನ್ಯಾರೋ ಬಳಸುತ್ತಾರೆ.

ಬಾಯ್ಲ್ 1668ರಲ್ಲಿ ಲಂಡನ್ನಿಗೆ ಹೋಗಿ ಅಕ್ಕ ಕ್ಯಾಥರೀನ್ ಮನೆಯಲ್ಲಿ ನೆಲೆಸಿದ. ಎರಡು ವರ್ಷಕ್ಕೆ ಪಾರ್ಶ್ವವಾಯು ಹೊಡೆಯಿತು, ಚೇತರಿಸಿಕೊಂಡು ಮತ್ತೆ ಕೆಲಸಕ್ಕಿಳಿದ. ಚಿನ್ನ ಮಾಡುವ ರಸವಿದ್ಯೆಯ ಹುಚ್ಚೂ ಕೊನೆವರೆಗೆ ಇತ್ತು. 1680ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ ಬಂದಾಗ, ಪ್ರಮಾಣವಚನಕ್ಕೆ ಮನಸ್ಸು ಒಪ್ಪದೆ ಬೇಡವೆಂದ.

ಈ ಲಂಡನ್ ದಿನಗಳಲ್ಲಿ ಅವನಿಗೆ ಪಂಪಿನ ಕೆಲಸಕ್ಕೆ ಜೊತೆಯಾದವನು ಫ್ರಾನ್ಸಿನಿಂದ ಬಂದ ಡೆನಿಸ್ ಪಾಪಿನ್. ಮೂಳೆಯನ್ನೂ ಮೆತ್ತಗೆ ಬೇಯಿಸುವ ಮುಚ್ಚಿದ ಪಾತ್ರೆಯೊಂದನ್ನು ಪಾಪಿನ್ 1679ರಲ್ಲಿ ರಾಯಲ್ ಸೊಸೈಟಿಗೆ ತೋರಿಸಿದ. ನಮ್ಮ ಕುಕ್ಕರಿನ ಅಜ್ಜ ಅದು. ಒತ್ತಡ ಮಿತಿ ಮೀರಿದರೆ ತಾನಾಗಿ ತೆರೆದುಕೊಳ್ಳುವ, ತೂಕದಿಂದ ಅದುಮಿದ ವಾಲ್ವನ್ನು ಅವನು ಅಂಥ ಪಾತ್ರೆಗೆ ಅಳವಡಿಸಿದ. ನಿಮ್ಮ ಕಂಪ್ರೆಸರ್ ಮೇಲೆ ಉಂಗುರ ಕಟ್ಟಿದ ಹಿತ್ತಾಳೆಯ ಸಣ್ಣ ತುಂಡೊಂದಿದೆಯಲ್ಲ, ಅದು ಅದೇ ವಾಲ್ವಿನ ಮೊಮ್ಮಗ. ಅದರಿಂದ ಗಾಳಿ ಬರುತ್ತಿದೆ ಎಂದು ಬೋಲ್ಟ್ ಹಾಕಿ ಮುಚ್ಚುವವರಿದ್ದಾರೆ. ದಯವಿಟ್ಟು ಬೇಡ. ಒತ್ತಡ ಮಿತಿಯೊಳಗಿದ್ದೂ ಸೋರುತ್ತಿದ್ದರೆ ಅದೇ ಅಳತೆಯ ಹೊಸದು ಹಾಕಿಸಿ. ಒತ್ತಡ ಮಿತಿ ಮೀರಿ ತೆರೆಯುತ್ತಿದ್ದರೆ ಕೆಟ್ಟಿರುವುದು ಪ್ರೆಶರ್ ಸ್ವಿಚ್, ವಾಲ್ವ್ ತನ್ನ ಕೆಲಸ ಮಾಡುತ್ತಿದೆ.

1691ರ ಡಿಸೆಂಬರಿನಲ್ಲಿ ಕ್ಯಾಥರೀನ್ ತೀರಿಕೊಂಡಳು. ಸುಮಾರು ಒಂದು ವಾರದಲ್ಲಿ, ವರ್ಷದ ಕೊನೆಯಲ್ಲಿ, ಬಾಯ್ಲ್ ಕೂಡ ಹೋದ. ಲಂಡನ್ನಿನ ಸೇಂಟ್ ಮಾರ್ಟಿನ್ ಚರ್ಚಿನಲ್ಲಿ ಅಕ್ಕನ ಬಳಿಯೇ ಅವನನ್ನು ಹೂಳಿದರು. 1720ರ ದಶಕದಲ್ಲಿ ಆ ಹಳೆಯ ಚರ್ಚನ್ನು ಕೆಡವಿ ಹೊಸದು ಕಟ್ಟಿದಾಗ ಅವನ ಸಮಾಧಿಯ ಗುರುತು ಉಳಿಯಲಿಲ್ಲ.