ನಲವತ್ತಾರಕ್ಕೆ ಸಿಕ್ಕ ಪದವಿ

ರಜೆ ದಿನ ನಮ್ಮ ರೂಮಲ್ಲಿ ಚೆಸ್ ಬೋರ್ಡ್ ಹಾಸಿದರೆ ಆಡೋರು ಇಬ್ಬರು, ಹೇಳಿಕೊಡೋರು ಎಂಟು ಜನ. ಅದೇ ಆಟದಲ್ಲಿ ಇಡೀ ಆಯುಷ್ಯ ಕಳೆದ ಒಬ್ಬರ ಕಥೆ ಇಲ್ಲಿ ಬರೆದಿದ್ದೀನಿ.

ಅವರ ಹೆಸರು ವಿಕ್ಟರ್ ಚೊಕಲ್ತ್ಯಾ. 1932ರ ಜನವರಿ 16ರಂದು ರುಮೇನಿಯಾದ ರಾಜಧಾನಿ ಬುಕಾರೆಸ್ಟಿನಲ್ಲಿ ಹುಟ್ಟಿದರು. 1952ರಲ್ಲಿ, ಇಪ್ಪತ್ತನೇ ವಯಸ್ಸಿಗೇ, ದೇಶದ ಚಾಂಪಿಯನ್ ಆದರು. 1957ರಲ್ಲಿ ಇಂಟರ್‌ನ್ಯಾಷನಲ್ ಮಾಸ್ಟರ್ ಪದವಿ ಬಂತು. ಇನ್ನೊಂದು ಮೆಟ್ಟಿಲು ಹತ್ತಿದರೆ ಗ್ರಾಂಡ್‌ಮಾಸ್ಟರ್. ಆ ಒಂದು ಮೆಟ್ಟಿಲಿಗೆ 21 ವರ್ಷ ಹಿಡೀತು.

ಗ್ರಾಂಡ್‌ಮಾಸ್ಟರ್ ಪದವಿ ತಮ್ಮ ದೇಶದಲ್ಲಿ ಗೆದ್ದರೆ ಸಾಕು ಅನ್ನೋ ಹಾಗೆ ಸಿಗಲ್ಲ. ಬೇರೆ ದೇಶದ ಗಟ್ಟಿ ಆಟಗಾರರು ಬರೋ ಟೂರ್ನಿಗಳಲ್ಲಿ ನಿಗದಿ ಮಾಡಿದಷ್ಟು ಅಂಕ ತೆಗೀಬೇಕು, ಅದೂ ಒಂದಕ್ಕಿಂತ ಹೆಚ್ಚು ಸಲ.

ಆಟ ಕಮ್ಮಿ ಇತ್ತು ಅಂತಲ್ಲ. 1962ರಲ್ಲಿ ಬಲ್ಗೇರಿಯಾದ ವಾರ್ನಾ ಊರಲ್ಲಿ ಚೆಸ್ ಒಲಿಂಪಿಯಾಡ್ ನಡೀತು. ಅಲ್ಲಿ ಅಮೆರಿಕದ ಬಾಬಿ ಫಿಷರ್‌ನ ಎದುರು ಚೊಕಲ್ತ್ಯಾ ಆಡಿದರು. ಆಗ ಹತ್ತೊಂಬತ್ತು ವರ್ಷದ ಹುಡುಗನಾಗಿದ್ದ ಫಿಷರ್ 1972ರಲ್ಲಿ ವಿಶ್ವ ಚಾಂಪಿಯನ್ ಆದ. ಆದರೆ ಅಂಥವನ ಎದುರು ಕೂತು ಆಡಿದ ಮಾತ್ರಕ್ಕೆ ಪದವಿ ಕೊಡೋದಿಲ್ಲ.

1965ರಲ್ಲಿ ರುಮೇನಿಯಾಕ್ಕೆ ಮೊದಲ ಗ್ರಾಂಡ್‌ಮಾಸ್ಟರ್ ಸಿಕ್ಕಿದ. ಅವನು ಫ್ಲೋರಿನ್ ಗಿಯೋರ್ಗಿಯು, ಚೊಕಲ್ತ್ಯಾ ಅವರಿಗಿಂತ ಹನ್ನೆರಡು ವರ್ಷ ಚಿಕ್ಕವನು. ನಮ್ಮ ಕಣ್ಣೆದುರಿಗೇ ಹೊಸ ಹುಡುಗ ಬಂದು ಮೇಲಿನ ಕೆಲಸಕ್ಕೆ ಹೋದರೆ ಹೊಟ್ಟೆಯೊಳಗೆ ಹೇಗಾಗುತ್ತೆ ಅಂತ ನಮಗೆ ಗೊತ್ತು. ಚೊಕಲ್ತ್ಯಾ ಬೋರ್ಡ್ ಮಡಚಿಡಲಿಲ್ಲ. 1969, 1970, 1971, ಮೂರು ವರ್ಷ ಸಾಲಾಗಿ ದೇಶದ ಚಾಂಪಿಯನ್ ಆದರು. 1975ರಲ್ಲಿ ಮತ್ತೆ ಗೆದ್ದರು.

ಕೊನೆಗೆ 1978ರಲ್ಲಿ ಗ್ರಾಂಡ್‌ಮಾಸ್ಟರ್ ಪದವಿ ಬಂತು. ಆಗ ಅವರಿಗೆ ನಲವತ್ತಾರು. ಸಿಕ್ಕಿತಲ್ಲ ಅಂತ ಸುಮ್ಮನೆ ಕೂರಲಿಲ್ಲ. ಮರುವರ್ಷವೇ ಎಂಟನೇ ಸಲ ರಾಷ್ಟ್ರೀಯ ಚಾಂಪಿಯನ್ ಪಟ್ಟ ಗೆದ್ದರು.

1983ರ ಸೆಪ್ಟೆಂಬರ್ 10ರಂದು, ಐವತ್ತೊಂದನೇ ವಯಸ್ಸಿಗೆ, ಊರಿಂದ ದೂರ ಸ್ಪೇನಿನ ಮನ್ರೇಸಾದಲ್ಲಿ ತೀರಿಕೊಂಡರು. ಪದವಿ ಕೈಗೆ ಬಂದ ಮೇಲೆ ಉಳಿದಿದ್ದು ಬರೀ ಐದು ವರ್ಷ.

ನಾನು ಐಟಿಐ ಸರ್ಟಿಫಿಕೇಟ್ ಹಿಡಿದು ಇಲ್ಲಿಗೆ ಬಂದು ಹೆಲ್ಪರ್ ಆಗಿ ಪೈಪ್ ಹೊತ್ತವನು. ಎಲೆಕ್ಟ್ರಿಷಿಯನ್ ಅಂತ ಕಾರ್ಡಲ್ಲಿ ಬರೋಕೆ ನಾಲ್ಕು ವರ್ಷ ಆಯ್ತು. ಆ ನಾಲ್ಕೇ ನನಗೆ ನಲವತ್ತು ಅನ್ನಿಸಿತ್ತು. ಅದಕ್ಕೇ ಈ ಇಪ್ಪತ್ತೊಂದು ವರ್ಷದ ಲೆಕ್ಕ ನನ್ನ ತಲೆಯಿಂದ ಹೋಗ್ತಿಲ್ಲ. ಟೆಸ್ಟಲ್ಲಿ ಒಂದು ಸಲ ಫೇಲಾಗಿ ಸುಮ್ಮನಾದ ಗೆಳೆಯರು ನಮ್ಮಲ್ಲೂ ಇದ್ದಾರೆ. ಮುಂದಿನ ಸಲದ ಫಾರಂ ತುಂಬಿ, ಅಣ್ಣಂದಿರೇ.