ಕಾಲ್ಚೆಂಡಾಟದ ಗುರು ರಹೀಂ

ಇಂದು ರಾಯಚೂರು ಜಿಲ್ಲೆಯಲ್ಲಿರುವ ಸಿಂಧನೂರು, ಲಿಂಗಸುಗೂರು, ಮಸ್ಕಿ ಪ್ರದೇಶಗಳು 1956ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದವು. ಆ ರಾಜ್ಯದ ರಾಜಧಾನಿಯಲ್ಲಿ 1909ರ ಆಗಸ್ಟ್ 17ರಂದು ಸೈಯದ್ ಅಬ್ದುಲ್ ರಹೀಂ ಜನಿಸಿದರು. ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಪದವೀಧರರಾದ ಅವರು ಮೊದಲು ಶಾಲಾ ಉಪಾಧ್ಯಾಯರಾಗಿದ್ದರು. ಮುಂದೆ ಕಾಲ್ಚೆಂಡಾಟದ ಮೈದಾನವೇ ಅವರ ಪಾಠಶಾಲೆಯಾಯಿತು.

ರಹೀಂ ಅವರು ಹೈದರಾಬಾದು ನಗರ ಪೊಲೀಸ್ ತಂಡದ ತರಬೇತುದಾರರಾದರು. ಆಟಗಾರನ ದೌರ್ಬಲ್ಯವನ್ನು ಹಳಿಯುವುದಕ್ಕಿಂತ ಅದನ್ನು ತಿದ್ದುವುದು ಅವರ ಕ್ರಮ. ದುರ್ಬಲವಾದ ಕಾಲಿನಿಂದಲೇ ಚೆಂಡನ್ನು ಒದೆಯಬೇಕೆಂಬ ನಿಯಮದ ಪಂದ್ಯಗಳನ್ನು ಅವರು ಏರ್ಪಡಿಸಿದರು. ಚೆಂಡನ್ನು ತನ್ನಲ್ಲೇ ಇಟ್ಟುಕೊಳ್ಳದೆ ಒಡನೆಯೇ ಜೊತೆಗಾರನಿಗೆ ದಾಟಿಸುವುದನ್ನು ಕಲಿಸಿದರು. ಇದರ ಫಲವಾಗಿ ಆ ತಂಡವು 1950ರಿಂದ 1954ರವರೆಗೆ ಸತತವಾಗಿ ಐದು ಬಾರಿ ರೋವರ್ಸ್ ಕಪ್ಪನ್ನು ಗೆದ್ದಿತು.

1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಅವರ ಭಾರತ ತಂಡ ಇರಾನನ್ನು ಸೋಲಿಸಿ ಚಿನ್ನದ ಪದಕ ಪಡೆಯಿತು. ಮರುವರ್ಷವೇ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯದ ಎದುರು 10-1ರ ಘೋರ ಸೋಲು ಒದಗಿತು. ನಮ್ಮ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ಅಂದು ನಮ್ಮ ಆಟಗಾರರಲ್ಲಿ ಅನೇಕರು ಬರಿಗಾಲಿನಲ್ಲಿ ಆಡಿದ್ದರು. ಆ ಬಳಿಕ ಬೂಟು ಕಡ್ಡಾಯವಾಯಿತು. ರಹೀಂ ಎದೆಗುಂದದೆ ತಂಡವನ್ನು ಹೊಸದಾಗಿ ಕಟ್ಟಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತವು ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ, ಕಡೆಗೆ ನಾಲ್ಕನೆಯ ಸ್ಥಾನ ಗಳಿಸಿತು. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯನವರೂ ಇದ್ದರು.

ಅತ್ಯಂತ ಕಠಿಣವಾದ ಪರೀಕ್ಷೆ 1962ರಲ್ಲಿ ಜಕಾರ್ತದಲ್ಲಿ ಕಾದಿತ್ತು. ರಹೀಂ ಅವರ ದೇಹವನ್ನು ಕ್ಯಾನ್ಸರ್ ರೋಗವು ಕ್ಷೀಣಗೊಳಿಸಿತ್ತು. ಏಷ್ಯನ್ ಕ್ರೀಡಾಕೂಟದ ಮೊದಲ ಪಂದ್ಯದಲ್ಲೇ ತಂಡವು ದಕ್ಷಿಣ ಕೊರಿಯಕ್ಕೆ ಸೋತಿತು. ರಕ್ಷಣಾ ಆಟಗಾರ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ರಹೀಂ ಅವರನ್ನು ಮುಂಚೂಣಿಗೆ ಕಳುಹಿಸಿದರು. ಸೆಪ್ಟೆಂಬರ್ 4ರ ಅಂತಿಮ ಪಂದ್ಯದಲ್ಲಿ ಎದುರಾದದ್ದು ಅದೇ ದಕ್ಷಿಣ ಕೊರಿಯ. ಪ್ರೇಕ್ಷಕರು ಭಾರತಕ್ಕೆ ವಿರುದ್ಧವಾಗಿ ಕೂಗುತ್ತಿದ್ದರು. ಆದರೂ ಪಿ.ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಸಿಂಗ್ ಹೊಡೆದ ಗೋಲುಗಳಿಂದ ಭಾರತವು 2-1ರಿಂದ ಜಯಗಳಿಸಿತು.

ಒಂಬತ್ತು ತಿಂಗಳ ತರುವಾಯ, 1963ರ ಜೂನ್ 11ರಂದು ರಹೀಂ ನಿಧನರಾದರು. ಆಗ ಅವರಿಗೆ 53 ವರ್ಷ. ಮುಂದಿನ 60 ವರ್ಷಗಳಲ್ಲಿ ಏಷ್ಯನ್ ಕ್ರೀಡಾಕೂಟದ ಕಾಲ್ಚೆಂಡಾಟದಲ್ಲಿ ಭಾರತಕ್ಕೆ ಮತ್ತೊಂದು ಚಿನ್ನ ದೊರೆಯಲಿಲ್ಲ. ಸೋಲಿನ ಕಾರಣವನ್ನು ಹುಡುಕಿ ತಿದ್ದಿಕೊಂಡವನಿಗೆ ಗೆಲುವು ದೂರವಲ್ಲ ಎಂಬುದನ್ನು ಈ ಉಪಾಧ್ಯಾಯರು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟರು.